ಹಿತ್ತಲ ಗಿಡವೂ ಮದ್ದೇ: ಎಲೆತುಕ್ಕು ರೋಗ ಮತ್ತು ಕಾಡುಕಾಫಿಯ ತಳಿಸಂಪತ್ತು



ಮಳೆಗಾಲ ಇನ್ನೂ ಪೂರ್ತಿ ಹಿಂದೆಗೆದಿಲ್ಲ. ಆಗಲೇ ಸಂಘದ ಕಛೇರಿಗೆ ಮುಂದಿನ ಸಾಲಿನ ಬಿತ್ತನೆ ಬೀಜಕ್ಕೂ ಸಸಿಗಳಿಗೂ ಬೇಡಿಕೆ ಬರತೊಡಗಿದೆ. ಕಳೆದ ವಾರ ಒಬ್ಬ ಸದಸ್ಯರು ಹಳೆಯ ಪತ್ರಿಕೆಯಲ್ಲಿ ಮಡಿಸಿ ತಂದ ನಾಲ್ಕು ಕಾಫಿ ಎಲೆಗಳನ್ನು ನಮ್ಮ ಮೇಜಿನ ಮೇಲಿಟ್ಟರು. ಎಲೆಗಳ ಅಡಿಭಾಗದಲ್ಲೆಲ್ಲ ಕಿತ್ತಳೆ ಬಣ್ಣದ ಪುಡಿ; ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. "ಸೆಕ್ರೆಟರಿಯವರೇ, ಇದು ಬಾರದ ತಳಿ ಒಂದನ್ನು ಹೇಳಿಬಿಡಿ. ಇರುವ ಮೂರೆಕರೆಯನ್ನೂ ಕಿತ್ತು ಅದನ್ನೇ ಹಾಕಿಬಿಡುತ್ತೇನೆ" ಎಂದರು.

ಅವರ ಸಂಕಟ ನಮಗೆ ಹೊಸತಲ್ಲ. ಆದರೆ ಅವರಿಗೆ ನಾವು ಒಡನೆ ಹೇಳಬಹುದಾಗಿದ್ದ ಮಾತು ಒಂದೇ: "ದಯವಿಟ್ಟು ಮೂರೆಕರೆಯನ್ನೂ ಕೀಳಬೇಡಿ." ಹಾಗೇಕೆ ಹೇಳಿದೆವೆಂಬುದನ್ನು ಎಲ್ಲ ಸದಸ್ಯರಿಗೂ ವಿವರವಾಗಿ ತಿಳಿಸುವುದು ಒಳ್ಳೆಯದೆಂದು ಈ ಲೇಖನ ಬರೆಯುತ್ತಿದ್ದೇವೆ.

ರೋಗದ ರೀತಿ

ಎಲೆತುಕ್ಕು ಒಂದು ಶಿಲೀಂಧ್ರದಿಂದ ಬರುವ ರೋಗ. ಶಾಸ್ತ್ರಜ್ಞರು ಇದಕ್ಕೆ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟಿದ್ದಾರೆ. ಎಲೆಯ ಅಡಿಯಲ್ಲಿ ಕಾಣುವ ಕಿತ್ತಳೆ ಪುಡಿಯೇ ಅದರ ಬೀಜಕಣಗಳು. ಗಾಳಿ, ಮಳೆಹನಿ, ಆಳುಗಳ ಬಟ್ಟೆಬರೆ ಇವೆಲ್ಲವೂ ಅವನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತವೆ. ಎಲೆಯ ಮೇಲೆ ಕೆಲವು ಗಂಟೆಗಳ ಕಾಲ ನೀರಿನ ಪಸೆ ನಿಂತರೆ ಸಾಕು, ಬೀಜಕಣ ಮೊಳೆತು ಎಲೆಯಡಿಯ ಉಸಿರಾಟದ ರಂಧ್ರಗಳ ಮೂಲಕ ಒಳಗಿಳಿಯುತ್ತದೆ. ತೀರ ಚಳಿಯೂ ಅಲ್ಲದ, ತೀರ ಸೆಕೆಯೂ ಅಲ್ಲದ ನಮ್ಮ ಮಲೆನಾಡಿನ ಮಳೆಗಾಲದ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಮೂರು ನಾಲ್ಕು ವಾರಗಳಲ್ಲಿ ಆ ಎಲೆಯಲ್ಲೇ ಹೊಸ ಬೀಜಕಣಗಳ ಫಸಲು ಸಿದ್ಧ. ಒಂದೇ ಒಂದು ಚುಕ್ಕೆಯಿಂದ ಕೆಲವು ತಿಂಗಳ ಅವಧಿಯಲ್ಲಿ 3ರಿಂದ 4 ಲಕ್ಷ ಬೀಜಕಣಗಳು ಹೊರಬೀಳಬಲ್ಲವೆಂದು ಲೆಕ್ಕವಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಲಕ್ಷಗಟ್ಟಲೆ ಹುಟ್ಟುವ ಈ ಕಣಗಳೆಲ್ಲವೂ ಒಂದೇ ಸ್ವಭಾವದವಲ್ಲ. ಗಿಡಗಳಲ್ಲಿ ತಳಿಗಳಿರುವಂತೆ ರೋಗದಲ್ಲಿಯೂ ಪಂಗಡಗಳಿವೆ. ಈವರೆಗೆ 50ಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಲಾಗಿದೆ. ಒಂದು ತಳಿಯ ಗಿಡದ ಮೇಲೆ ಏನೂ ಮಾಡಲಾರದ ಪಂಗಡ ಇನ್ನೊಂದು ತಳಿಯನ್ನು ಬೋಳು ಮಾಡಬಲ್ಲದು. ಇದನ್ನು ಖಚಿತವಾಗಿ ತೋರಿಸಿಕೊಟ್ಟದ್ದು ನಮ್ಮ ಬಾಳೆಹೊನ್ನೂರಿನಲ್ಲೇ ಎಂಬುದು ಹೆಮ್ಮೆಯ ವಿಷಯ. 1925ರಲ್ಲಿ ಆರಂಭವಾದ ಅಲ್ಲಿನ ಕಾಫಿ ಪ್ರಯೋಗ ಕೇಂದ್ರದಲ್ಲಿ ವಿಲ್ಸನ್ ಮೇನ್ ಎಂಬ ವಿಜ್ಞಾನಿ 1932ರಲ್ಲಿ ತುಕ್ಕಿನ ಬೇರೆ ಬೇರೆ ಪಂಗಡಗಳಿರುವುದನ್ನು ಪ್ರಕಟಪಡಿಸಿದರು.

ಸಿಂಹಳದ ಪಾಠ

1869ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಈ ರೋಗ ಮೊದಲು ಕಾಣಿಸಿಕೊಂಡಿತು. ಒಂದೆರಡು ವರ್ಷದಲ್ಲೇ ದಕ್ಷಿಣ ಭಾರತಕ್ಕೂ ಬಂತು. ಆಗ ಸಿಂಹಳ ಜಗತ್ತಿನ ದೊಡ್ಡ ಕಾಫಿ ನಾಡುಗಳಲ್ಲಿ ಒಂದು. ಗುಡ್ಡದಿಂದ ಗುಡ್ಡಕ್ಕೆ ಕಾಡು ಕಡಿದು, ನಡುವೆ ಬೇರೆ ಮರವೊಂದೂ ಉಳಿಯದಂತೆ ಕಾಫಿಯನ್ನೇ ಹಾಕಿದ್ದರು. ಮೊದಮೊದಲು ತೋಟದವರು ರೋಗವನ್ನು ಅಷ್ಟಾಗಿ ಗಣಿಸಲಿಲ್ಲ. ಎಲೆ ಉದುರಿದರೂ ಮತ್ತೆ ಚಿಗುರುತ್ತಿತ್ತು. ಆದರೆ ವರ್ಷ ವರ್ಷವೂ ಎಲೆ ಕಳೆದುಕೊಂಡ ಗಿಡ ಎಷ್ಟು ದಿನ ಫಸಲು ಕೊಟ್ಟೀತು? 1880ರಿಂದ 1882ರವರೆಗೆ ಅಲ್ಲಿದ್ದು ರೋಗವನ್ನು ಅಭ್ಯಾಸ ಮಾಡಿದ ಮಾರ್ಷಲ್ ವಾರ್ಡ್ ಎಂಬ ಸಸ್ಯಶಾಸ್ತ್ರಜ್ಞರು, ಒಂದೇ ಬೆಳೆಯನ್ನು ಎಡೆಬಿಡದೆ ಹಬ್ಬಿಸಿದ್ದೇ ರೋಗಕ್ಕೆ ಹೆದ್ದಾರಿಯಾಯಿತೆಂದು ಕಂಡುಕೊಂಡರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಆಗಿನ್ನೂ ಬೋರ್ಡೋ ದ್ರಾವಣದ ಬಳಕೆಯೂ ಬಂದಿರಲಿಲ್ಲ. ಸಿಂಹಳದ ಬೆಳೆಗಾರರು ಕಾಫಿ ಕಿತ್ತು ಟೀ ಹಾಕಿದರು.

ಮರವಿಲ್ಲದ ಬಯಲು ತೋಟಗಳಷ್ಟೇ ಇದಕ್ಕೆ ಕಾರಣವಲ್ಲ. ಇನ್ನೂ ಆಳವಾದ ಕಾರಣ ಬೀಜದಲ್ಲೇ ಇತ್ತು. ಅರೇಬಿಕಾ ಗಿಡ ಹೆಚ್ಚಾಗಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಜಾತಿ. ತಾಯಿಯಂತೆಯೇ ಮಗಳು. ಅದರ ಮೇಲೆ, ಲೋಕದ ಕಾಫಿ ತೋಟಗಳು ಹುಟ್ಟಿಕೊಂಡದ್ದೇ ಬೆರಳೆಣಿಕೆಯ ಗಿಡಗಳಿಂದ. ಯೆಮನ್ ದೇಶದಿಂದ ಬಾಬಾಬುಡನ್ ಅವರು ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮಗೆಲ್ಲ ಗೊತ್ತೇ ಇದೆ. ಅತ್ತ ಡಚ್ಚರು 1706ರಲ್ಲಿ ಜಾವಾದಿಂದ ಆಮ್ಸ್ಟರ್‌ಡ್ಯಾಮಿಗೆ ಗಿಡ ಒಯ್ದರು. ಅದರ ಸಂತತಿಯ ಒಂದು ಗಿಡ 1714ರಲ್ಲಿ ಫ್ರಾನ್ಸಿನ ದೊರೆಗೆ ಉಡುಗೊರೆಯಾಗಿ ಹೋಯಿತು. ಅಮೆರಿಕ ಖಂಡದ ಕಾಫಿ ತೋಟಗಳಲ್ಲಿ ಬಹುಪಾಲು ಇಂಥ ಕೆಲವೇ ಗಿಡಗಳ ಮಕ್ಕಳು, ಮೊಮ್ಮಕ್ಕಳು. ಒಂದೇ ಮನೆಯ ಬೀಗಕ್ಕೆ ಕೀಲಿ ಸಿಕ್ಕರೆ, ಅದೇ ಬೀಗ ಹಾಕಿದ ಊರಿನ ಮನೆಗಳೆಲ್ಲ ತೆರೆದಂತೆ.

ರೊಬಸ್ಟಾ ಹಾಗಲ್ಲ. ಅದು ಪರಪರಾಗದಿಂದ ಕಾಯಿ ಕಟ್ಟುವ ಜಾತಿ. ಬೀಜದಿಂದ ಬಂದ ರೊಬಸ್ಟಾ ತೋಟದಲ್ಲಿ ಒಂದು ಗಿಡದಂತೆ ಇನ್ನೊಂದಿಲ್ಲವೆಂಬುದನ್ನು ಕೊಯ್ಲಿಗೆ ಹೋದ ಯಾವ ಆಳೂ ಹೇಳಬಲ್ಲರು. ತುಕ್ಕು ರೋಗ ರೊಬಸ್ಟಾವನ್ನು ಅಷ್ಟಾಗಿ ಪೀಡಿಸದು. ಅದರ ರಕ್ತಗುಣವೇ ಬೇರೆ.

ನಮ್ಮಲ್ಲಿ ನಡೆದದ್ದು

ಮೈಸೂರು, ಕೊಡಗುಗಳಲ್ಲಿ ಮೊದಲಿದ್ದದ್ದು ಚಿಕ್ ಎಂಬ ಹಳೆಯ ತಳಿ. ಅದು ಕಾಂಡಕೊರಕಕ್ಕೂ ತುಕ್ಕಿಗೂ ಸಿಕ್ಕಿತು. ಬಳಿಕ ಬಂದ ಕೂರ್ಗ್ ತಳಿಯೂ ತುಕ್ಕಿಗೆ ಸೋತಿತು. ಆಗ 1911ರ ಸುಮಾರಿಗೆ ಕೆಂಟ್ ಎಂಬ ಪ್ಲಾಂಟರು ಮೈಸೂರು ಸೀಮೆಯ ತಮ್ಮ ತೋಟದಲ್ಲಿ, ಸುತ್ತಲಿನ ಗಿಡಗಳು ಎಲೆ ಉದುರಿಸಿ ನಿಂತಿದ್ದಾಗ ಹಸಿರಾಗಿದ್ದ ಗಿಡವನ್ನು ಗಮನಿಸಿದರು. ಅದರ ಬೀಜದಿಂದ ಬಂದದ್ದೇ ಕೆಂಟ್ಸ್ ತಳಿ. ಅವರು ಮಾಡಿದ್ದು ದೊಡ್ಡ ಪ್ರಯೋಗವೇನಲ್ಲ. ನೋಡಿದರು, ಗುರುತಿಟ್ಟರು, ಬೀಜ ತೆಗೆದರು. ಕೆಂಟ್ಸ್ ದೇಶವಿದೇಶಗಳಿಗೆ ಹೋಯಿತು. ಆದರೆ 1930ರ ಹೊತ್ತಿಗೆ ಅದನ್ನೂ ಹಿಡಿಯಬಲ್ಲ ಹೊಸ ಪಂಗಡದ ತುಕ್ಕು ತಲೆಯೆತ್ತಿತು.

ಆಮೇಲೆ ಬಾಳೆಹೊನ್ನೂರಿನಲ್ಲಿ, ಲೈಬೀರಿಕಾ ಜಾತಿಯ ರಕ್ತ ಸೇರಿದ ಎಸ್. 288 ಎಂಬುದನ್ನು ಕೆಂಟ್ಸ್ ಜೊತೆ ಕೂಡಿಸಿ ಎಸ್. 795 ತಯಾರಿಸಿದರು. 1940ರ ದಶಕದ ನಡುವಿನಲ್ಲಿ ಬಿಡುಗಡೆಯಾದ ಈ ತಳಿ ಇಂದಿಗೂ ನಮ್ಮ ತೋಟಗಳಲ್ಲಿ ಬೇರೂರಿದೆ. ಹಾಗೆಂದು ಇದಕ್ಕೂ ತುಕ್ಕು ಬಾರದೆ ಬಿಟ್ಟಿಲ್ಲ. ಮದ್ದು ಹೊಡೆಯದಿದ್ದರೆ ಇದೂ ಎಲೆ ಕಳೆದುಕೊಳ್ಳುತ್ತದೆ.

ಪೂರ್ವದ ತಿಮೋರ್ ದ್ವೀಪದಲ್ಲಿ 1920ರ ದಶಕದಲ್ಲಿ ಅರೇಬಿಕಾ ತೋಟವೊಂದರ ನಡುವೆ, ಅರೇಬಿಕಾ ಮತ್ತು ರೊಬಸ್ಟಾ ತಾವಾಗಿ ಕೂಡಿ ಹುಟ್ಟಿದ ಗಿಡವೊಂದು ಕಂಡುಬಂತು. ತುಕ್ಕು ಅದನ್ನು ಮುಟ್ಟಿರಲಿಲ್ಲ. ಪೋರ್ಚುಗಲ್ ದೇಶದ ಓಯಿರಾಸ್ ಎಂಬಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಫಿ ತುಕ್ಕು ಸಂಶೋಧನಾ ಕೇಂದ್ರದ ಮೂಲಕ ಆ ಗಿಡದ ಸಂತತಿ ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲಿ 1985ರಲ್ಲಿ ಬಿಡುಗಡೆಯಾದ ಕಾವೇರಿ ಅದರದೇ ವಂಶ. 2007ರಲ್ಲಿ ಬಂದ ಚಂದ್ರಗಿರಿಯೂ ಅದರದೇ ವಂಶ. ಕಾವೇರಿಗೆ ಕೆಲವೇ ವರ್ಷಗಳಲ್ಲಿ ತುಕ್ಕು ತಗಲಿತೆಂಬುದು ಅದನ್ನು ಬೆಳೆದವರಿಗೆಲ್ಲ ತಿಳಿದಿದೆ.

ನಾವು ಮಾಡಿದ ತಪ್ಪು

ಹಾಗೆ ಬೆಳೆದವರಲ್ಲಿ ನಾವೂ ಒಬ್ಬರು. ಪದವಿ ಮುಗಿಸಿ ತೋಟಕ್ಕೆ ಬಂದ ಹೊಸತು. ಹಳ್ಳದ ಬದಿಯ ನಾಲ್ಕೆಕರೆಯಲ್ಲಿ ತಂದೆಯವರ ಕಾಲಕ್ಕೂ ಹಿಂದಿನ ಗಿಡಗಳಿದ್ದವು. ಒಂದು ಎತ್ತರ, ಒಂದು ಗಿಡ್ಡ. ಒಂದರ ಚಿಗುರು ತಾಮ್ರದ ಬಣ್ಣ, ಇನ್ನೊಂದರದು ಹಸಿರು. ಯಾವ ತಳಿಯೆಂದು ಕೇಳಿದರೆ ತಂದೆಯವರು, "ಅಪ್ಪ ಹಾಕಿದ್ದು" ಎನ್ನುತ್ತಿದ್ದರು. ಓದಿದ ನಮಗೆ ಅದು ಶಿಸ್ತಿಲ್ಲದ ತೋಟವಾಗಿ ಕಂಡಿತು. 1993ರಲ್ಲಿ ಸಾಲ ತೆಗೆದು, ಅಷ್ಟನ್ನೂ ಕೀಳಿಸಿ, ಒಂದೇ ಸಮನೆ ಕಾವೇರಿ ಹಾಕಿಸಿದೆವು. ಕಿತ್ತ ಗಿಡಗಳು ಎರಡು ವರ್ಷ ಮನೆಯ ಒಲೆಗೆ ಸೌದೆಯಾದವು.

ಮೊದಲ ಮೂರು ಫಸಲು ಕಣ್ಣು ತುಂಬುವಂತೆ ಬಂದವು. ಆಮೇಲೊಂದು ವರ್ಷ ಮಳೆ ಬಿಡುವು ಕೊಡದೆ ಸುರಿಯಿತು. ಎರಡನೆಯ ಸಲದ ಮದ್ದು ತಪ್ಪಿತು. ಗಿಡದ ತುಂಬ ಕಾಯಿ ಇದ್ದ ವರ್ಷವೇ ತುಕ್ಕು ಹೆಚ್ಚೆಂಬುದು ನಮಗೆ ಆಗ ತಿಳಿದಿರಲಿಲ್ಲ. ದೀಪಾವಳಿಯ ವೇಳೆಗೆ ನಾಲ್ಕೆಕರೆಯೂ ಬೋಳು. ಕಾಯಿ ಹಣ್ಣಾಗದೆ ರೆಂಬೆಯಲ್ಲೇ ಕಪ್ಪಾಗಿ ಒಣಗಿತು. ತಂದೆಯವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ನಮ್ಮ ಹಳೆಯ ಮೇಸ್ತ್ರಿ ಮಾತ್ರ ಒಂದು ದಿನ, "ಅಯ್ಯಾ, ಹಳ್ಳದ ಮೂಲೆಯ ಬಂಡೆ ಹತ್ರ ಇರೋ ಗಿಡ ನೋಡಿದ್ರಾ? ಅದು ಎಲೆ ಹಾಕಿಕೊಂಡೇ ಇದೆ" ಎಂದ. ಬಂಡೆಯ ಸಂದಿನಲ್ಲಿ ಬೇರಿಳಿಸಿದ್ದರಿಂದ ಕೀಳಲಾರದೆ ಬಿಟ್ಟಿದ್ದ ಹಳೆಯ ಗಿಡ ಅದು. ಹೋಗಿ ನೋಡಿದೆವು. ಸುತ್ತಲಿನ ಗಿಡಗಳಿಂದ ತುಕ್ಕಿನ ಪುಡಿ ಅದರ ಮೇಲೆ ಬಿದ್ದಿರಲೇಬೇಕು. ಆದರೂ ಎಲೆಗಳ ಮೇಲೆ ಸಣ್ಣ ಹಳದಿ ಚುಕ್ಕೆಗಳು ಕಂಡವೇ ಹೊರತು ಪುಡಿ ಎದ್ದಿರಲಿಲ್ಲ. "ಇಂಥವು ಇನ್ನೂ ಹತ್ತಿಪ್ಪತ್ತು ಇದ್ದುವು, ಅಯ್ಯಾ" ಎಂದು ಮೇಸ್ತ್ರಿ ಸೇರಿಸಿದ. ಅವು ಒಲೆಗೆ ಹೋಗಿದ್ದವು.

ಆ ಗಿಡದಿಂದ ಪವಾಡವೇನೂ ಆಗಲಿಲ್ಲ. ಅದರ ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಕೆಲವು ತುಕ್ಕು ತಾಳಿದವು, ಕೆಲವು ತಾಳಲಿಲ್ಲ. ತಾಯಿಗಿಡವನ್ನು ಕೊನೆಗೆ ಕಾಂಡಕೊರಕ ತೆಗೆದುಕೊಂಡು ಹೋಯಿತು. ತಾಳಿದ ಮಕ್ಕಳು ಈಗಲೂ ಆ ಮೂಲೆಯಲ್ಲಿವೆ. ಕಳೆದುಕೊಂಡದ್ದೇನೆಂದು ನಮಗೆ ದಿನವೂ ನೆನಪಿಸುವುದಕ್ಕೆ ಅವಿಷ್ಟು ಸಾಕು.

ಕಾಫಿಯ ತವರಿನಲ್ಲಿ

ಇಂಥ ಗಿಡಗಳು ಒಂದೆರಡಲ್ಲ, ಕಾಡೇ ಆಗಿರುವ ನಾಡೊಂದಿದೆ. ಇಥಿಯೋಪಿಯಾ ದೇಶದ ನೈಋತ್ಯ ಭಾಗದ ಮಲೆಗಳು ಅರೇಬಿಕಾದ ತವರು. ಬಹಳ ಹಿಂದೆ ರೊಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಎರಡು ಕಾಫಿ ಜಾತಿಗಳು ಆಫ್ರಿಕದ ಕಾಡಿನಲ್ಲಿ ತಾವಾಗಿ ಕೂಡಿ ಅರೇಬಿಕಾ ಹುಟ್ಟಿತೆಂದು ವಿಜ್ಞಾನಿಗಳು ನಿಶ್ಚಯಿಸಿದ್ದಾರೆ. ಬೇರೆ ಕಾಫಿ ಜಾತಿಗಳಿಗೆ 22 ವರ್ಣತಂತುಗಳಿದ್ದರೆ ಅರೇಬಿಕಾಕ್ಕೆ 44.

ಆ ಮಲೆಗಳಲ್ಲಿ ದೊಡ್ಡ ಮರಗಳ ನೆರಳಿನಡಿ ಕಾಫಿ ತಾನಾಗಿ ಬೆಳೆಯುತ್ತದೆ. ಅಲ್ಲಿ ತುಕ್ಕು ರೋಗವಿಲ್ಲವೆಂದಲ್ಲ, ಇದೆ. ಆದರೆ ಸಿಂಹಳದಲ್ಲಿ ಆದಂತೆ ಇಡೀ ಕಾಡು ಬೋಳಾಗುವುದಿಲ್ಲ. ಒಂದು ಗಿಡ ಎಲೆ ಉದುರಿಸಿದರೆ ಪಕ್ಕದ ಗಿಡ ಉದುರಿಸದು. ಅದರಾಚೆಯದು ಬೇರೆಯೇ ಮರ. ರೋಗ ಗಿಡದಿಂದ ಗಿಡಕ್ಕೆ ಓಡಲು ದಾರಿ ಸಿಗದೆ ಅಲ್ಲಲ್ಲೇ ನಿಲ್ಲುತ್ತದೆ. ತುಕ್ಕಿನ ಪುಡಿಯ ಮೇಲೆಯೇ ಬೆಳೆದು ಅದನ್ನು ತಿನ್ನುವ ಬಿಳಿ ಬೂಷ್ಟೊಂದು ಕೂಡ ಅಲ್ಲಿ ಕೆಲಸ ಮಾಡುತ್ತದೆ. ಆ ಬೂಷ್ಟನ್ನು ಗಮನವಿಟ್ಟು ನೋಡಿದರೆ ನಮ್ಮ ನೆರಳಿನ ತೋಟಗಳಲ್ಲಿಯೂ ಕಾಣಬಹುದು.

ಈ ವೈವಿಧ್ಯದ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ. 1971ರಲ್ಲಿ ಇಥಿಯೋಪಿಯಾಕ್ಕೆ ಕಾಯಿಕೊಳೆ ರೋಗ ಬಂದು ಎಳೆಗಾಯಿಗಳನ್ನು ಕಪ್ಪಾಗಿಸತೊಡಗಿತು. ಇದೂ ಶಿಲೀಂಧ್ರವೇ. ಅಲ್ಲಿನವರು ಹೊರದೇಶದಿಂದ ತಳಿ ತರಿಸಲಿಲ್ಲ. ರೋಗ ಬಿದ್ದ ಊರುಗಳಲ್ಲೇ ತಿರುಗಾಡಿ, ಕಾಯಿ ಉಳಿಸಿಕೊಂಡ ಗಿಡಗಳನ್ನು ಗುರುತಿಸಿ, ಪರೀಕ್ಷಿಸಿ, ಕೆಲವೇ ವರ್ಷಗಳಲ್ಲಿ ರೈತರಿಗೆ ಬೀಜ ಕೊಟ್ಟರು. ಉತ್ತರ ಅವರ ಹಿತ್ತಲಲ್ಲೇ ಇತ್ತು.

ಇದನ್ನು ಮನಗಂಡೇ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ತಂಡವೊಂದು 1964–65ರಲ್ಲಿ ಇಥಿಯೋಪಿಯಾದಲ್ಲಿ ಸಂಚರಿಸಿ ಬೀಜ ಸಂಗ್ರಹಿಸಿ ಹಲವು ದೇಶಗಳಿಗೆ ಹಂಚಿತು. ಅವುಗಳಲ್ಲಿ ಭಾರತವೂ ಒಂದು. ನಮ್ಮ ಸೆಲೆಕ್ಷನ್ 9 ಎಂಬ ತಳಿ ಇಥಿಯೋಪಿಯಾದ ತಫಾರಿಕೆಲಾ ಮತ್ತು ತಿಮೋರ್ ಗಿಡಗಳ ಕೂಡಿಕೆ. ಸೆಲೆಕ್ಷನ್ 5ರ ಹಿಂದೆ ಇರುವುದು ದೇವಮಾಚಿ; ಕೊಡಗಿನಲ್ಲೇ ಅರೇಬಿಕಾ, ರೊಬಸ್ಟಾ ತಾವಾಗಿ ಬೆರೆತು ಹುಟ್ಟಿದ್ದ ಗಿಡ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲಿದೆ. ಕಾಫಿಯ ಮಟ್ಟಿಗೆ ಆ ಗಾದೆ ಸುಳ್ಳು. ಕೆಂಟ್ಸ್, ತಿಮೋರ್, ದೇವಮಾಚಿ ಎಲ್ಲವೂ ಯಾರೋ ಒಬ್ಬರ ಕಣ್ಣಿಗೆ ಬಿದ್ದ ಒಂಟಿ ಗಿಡಗಳೇ.

ದುಃಖದ ಸಂಗತಿಯೆಂದರೆ ತವರುಮನೆಯೇ ಬರಿದಾಗುತ್ತಿದೆ. ಕಾಡು ಕಡಿದು ಹೊಲ, ಊರು ಮಾಡುತ್ತಿದ್ದಾರೆ, ಹವೆಯೂ ಬದಲಾಗುತ್ತಿದೆ. 2019ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಪ್ರಕಟಿಸಿದಂತೆ, ಲೋಕದ 124 ಕಾಡುಕಾಫಿ ಜಾತಿಗಳಲ್ಲಿ ನೂರಕ್ಕೆ 60ರಷ್ಟು ಅಳಿವಿನ ಭೀತಿಯಲ್ಲಿವೆ. ಕಾಡಿನ ಅರೇಬಿಕಾವೂ ಆ ಪಟ್ಟಿಯಲ್ಲಿದೆ. ಇಥಿಯೋಪಿಯಾದ ಕಾಫಾ ಮತ್ತು ಯಾಯು ಕಾಡುಗಳನ್ನು ಯುನೆಸ್ಕೊ 2010ರಲ್ಲಿ ಸಂರಕ್ಷಿತ ಜೀವಿಗೋಲಗಳೆಂದು ಮಾನ್ಯ ಮಾಡಿದ್ದು ಸ್ವಲ್ಪ ಸಮಾಧಾನದ ವಿಷಯ.

ಕೊಲಂಬಿಯದ ಜಾಣ್ಮೆ

1970ರಲ್ಲಿ ತುಕ್ಕು ಬ್ರೆಜಿಲ್ ದೇಶಕ್ಕೆ ಕಾಲಿಟ್ಟಿತು. ಇಂದಲ್ಲ ನಾಳೆ ತಮ್ಮಲ್ಲಿಗೂ ಬರುವುದೆಂದು ತಿಳಿದ ಕೊಲಂಬಿಯದ ಬೆಳೆಗಾರರ ಒಕ್ಕೂಟ ತನ್ನ ಸಂಶೋಧನಾ ಕೇಂದ್ರದಲ್ಲಿ ತಿಮೋರ್ ಗಿಡದ ಸಂತತಿಯನ್ನು ಸಿದ್ಧ ಮಾಡಿಕೊಳ್ಳುತ್ತಿತ್ತು. 1983ರಲ್ಲಿ ರೋಗ ಬಂದಾಗ ಬೀಜ ಕೈಯಲ್ಲಿತ್ತು. ಆ ಬೀಜದ ವಿಶೇಷವೇನೆಂದರೆ, ಅದು ಒಂದೇ ತಾಯಿಯ ಬೀಜವಲ್ಲ. ನೋಡಲು ಒಂದೇ ತೆರನಾಗಿದ್ದು, ರೋಗ ತಡೆಯುವ ಗುಣದಲ್ಲಿ ಬೇರೆ ಬೇರೆಯಾದ ಹಲವು ಕವಲುಗಳನ್ನು ಬೆರೆಸಿ "ಕೊಲಂಬಿಯ" ಎಂಬ ಒಂದೇ ಹೆಸರಿನಲ್ಲಿ ಹಂಚಿದರು. ಒಂದು ಕವಲು ರೋಗಕ್ಕೆ ಸೋತರೂ ತೋಟದ ಉಳಿದ ಗಿಡಗಳು ನಿಲ್ಲುತ್ತವೆ. 2005ರಲ್ಲಿ ಬಂದ ಕ್ಯಾಸ್ಟಿಯೊ ತಳಿಯಲ್ಲೂ ಇದೇ ಕ್ರಮ. ಕಾಡು ತಾನಾಗಿ ಮಾಡುವ ಕೆಲಸವನ್ನು ಅವರು ಲೆಕ್ಕ ಹಾಕಿ ಮಾಡಿದರು. ಅದನ್ನು ಮಾಡಿದ್ದು ಬೆಳೆಗಾರರದೇ ಸಂಸ್ಥೆ ಎಂಬುದನ್ನು ಸಹಕಾರಿಗಳಾದ ನಾವು ಮರೆಯಬಾರದು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಇರುವ ತೋಟವನ್ನೆಲ್ಲ ಒಂದೇ ಸಲ ಕಿತ್ತು ಒಂದೇ ತಳಿ ಹಾಕುವ ಯೋಚನೆ ಬೇಡ. ತಾಕು ತಾಕಾಗಿ ಬದಲಾಯಿಸಿ. ಪ್ರತಿ ತಾಕಿನಲ್ಲಿ ಯಾವ ತಳಿ, ಯಾವ ವರ್ಷ, ಬೀಜ ಎಲ್ಲಿಯದೆಂದು ಬರೆದಿಡಿ.

ಎರಡನೆಯದಾಗಿ, ಹೆಸರು ಬೇರೆಯಾದ ಮಾತ್ರಕ್ಕೆ ವಂಶ ಬೇರೆಯಲ್ಲ. ಕಾವೇರಿ ಪಕ್ಕ ಚಂದ್ರಗಿರಿ ಹಾಕಿದರೆ ಎರಡರಲ್ಲೂ ತಿಮೋರ್ ರಕ್ತವೇ. ಒಂದು ತಾಕಿನಲ್ಲಾದರೂ ಎಸ್. 795ರಂಥ ಬೇರೆ ವಂಶದ ಗಿಡವಿರಲಿ.

ಮೂರನೆಯದಾಗಿ, ತಳಿ ಯಾವುದೇ ಆಗಲಿ, ಅರೇಬಿಕಾಕ್ಕೆ ಬೋರ್ಡೋ ಬಿಡಬೇಡಿ. 200 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಒಳ್ಳೆಯ ಸುಣ್ಣ ಹಾಕಿದರೆ ಶೇಕಡಾ ಅರ್ಧದ ದ್ರಾವಣ. ಮುಂಗಾರಿಗೆ ಮುಂಚೆ ಒಂದು ಸಲ, ಸೆಪ್ಟೆಂಬರಿನ ಬಿಡುವಿನಲ್ಲಿ ಇನ್ನೊಂದು ಸಲ. ರೋಗ ಒಳಹೊಗುವುದು ಎಲೆಯ ಅಡಿಯಿಂದ. ಆದಕಾರಣ ಮದ್ದು ಅಡಿಗೆ ಬೀಳಬೇಕು. ಫಸಲು ಹೆಚ್ಚಿರುವ ವರ್ಷ ಎರಡನೆಯ ಸಲವನ್ನು ತಪ್ಪಿಸಲೇಬಾರದು. ಮರಗಸಿ, ಗಿಡದ ಚಿಗುರು ತೆಗೆಯುವುದು ಸಕಾಲಕ್ಕೆ ಆದರೆ ಗಾಳಿಯಾಡಿ ಎಲೆ ಬೇಗ ಆರುತ್ತದೆ.

ನಾಲ್ಕನೆಯದು, ಖರ್ಚಿಲ್ಲದ ಕೆಲಸ. ಅಕ್ಟೋಬರಿನಲ್ಲಿ ತೋಟ ಸುತ್ತುವಾಗ, ಸುತ್ತಲಿನವು ಎಲೆ ಉದುರಿಸಿದ್ದರೂ ಹಸಿರಾಗಿ ನಿಂತ ಗಿಡಕ್ಕೆ ಬಣ್ಣದ ಗುರುತು ಹಾಕಿ. ಆ ವರ್ಷ ಕಾಯಿ ಕಡಿಮೆಯಿದ್ದ ಗಿಡವೂ ಹಸಿರಾಗಿರುತ್ತದೆ, ಮೋಸಹೋಗಬೇಡಿ. ಮೂರು ವರ್ಷ, ಅದರಲ್ಲೂ ತುಂಬು ಫಸಲಿನ ವರ್ಷ, ತಾಳಿದರೆ ಮಾತ್ರ ಅದು ಲೆಕ್ಕಕ್ಕೆ. ಅಂಥ ಗಿಡದ ಸಂಗತಿಯನ್ನು ಸಂಶೋಧನಾ ಕೇಂದ್ರದವರಿಗೆ ತಿಳಿಸಿ. ಕೀಳುವ ಮೊದಲು ಬೀಜವನ್ನಾದರೂ ಉಳಿಸಿ.

ಅಡಿಕೆ ಬೆಳೆಗಾರರಿಗೂ ಇದರಲ್ಲಿ ಪಾಲಿದೆ. ಈಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕಿಯೂ ಶಿಲೀಂಧ್ರ ರೋಗವೇ. ಗೋಟು ಬೀಜ ಆರಿಸುವಾಗ ಇಡೀ ತೋಟಕ್ಕೆ ಒಂದೇ ಮರದ ಗೊನೆಯನ್ನು ನೆಚ್ಚಿಕೊಳ್ಳದೆ, ಚುಕ್ಕಿಯ ನಡುವೆಯೂ ಸೋಗೆ ಹಸಿರಾಗಿಟ್ಟುಕೊಂಡ ಹಲವು ಮರಗಳಿಂದ ಆರಿಸುವುದು ಜಾಣತನ.

ಸಂಘದ ಕಛೇರಿಯಲ್ಲಿ ಇದಕ್ಕೆಂದೇ ಒಂದು ಪುಸ್ತಕ ತೆರೆದಿದ್ದೇವೆ. ಹಸಿರು ಗಿಡದ ಗುರುತು ಹಾಕಿದವರು ಬಂದು ತಾಕು, ಗಿಡದ ಸುಮಾರು ವಯಸ್ಸು, ಚಿಗುರಿನ ಬಣ್ಣ ಇಷ್ಟನ್ನು ಬರೆಸಿದರೆ ಸಾಕು. ಮೊದಲ ಸಾಲಿನಲ್ಲಿ ನಮ್ಮ ಬಂಡೆಯ ಮೂಲೆಯ ಗಿಡಗಳನ್ನು ಬರೆದಿದ್ದೇವೆ. ಎರಡನೆಯ ಸಾಲಿನಲ್ಲಿ, ಹಳೆಯ ಪತ್ರಿಕೆಯಲ್ಲಿ ಎಲೆ ತಂದಿದ್ದ ಆ ಸದಸ್ಯರ ಎರಡು ಗಿಡಗಳಿವೆ. ಅವರು ಈಗ ಒಂದೆಕರೆಯನ್ನು ಮಾತ್ರ ಕೀಳುವುದೆಂದು ನಿಶ್ಚಯಿಸಿದ್ದಾರೆ. ಮೂರನೆಯ ಸಾಲು ಖಾಲಿಯಿದೆ.